ಮೂಪಾ ಎಳೆದ ಕೈ

ಅಮೆರಿಕದ ನಮ್ಮೂರು ನಾರ್‌ಕ್ರಾಸ್‌ನಲ್ಲಿ ಒಣಗಿದ ಪೈನ್ ಎಲೆಯ ವಾಸನೆ ಬಂದರೆ ಇಂದಿಗೂ ನನ್ನ ಮಣಿಕಟ್ಟು ಉರಿಯುತ್ತದೆ.

ಏಳನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಕರೆನ್ ಬುಡಕಟ್ಟಿನ ಹುಡುಗಿ ಮೂಪಾ, ಬರ್ಮಾ ಗಡಿಯ ನಿರಾಶ್ರಿತರ ಶಿಬಿರದಲ್ಲಿ ಓದಿದವಳು. ಸೈನಿಕರು ಗುಂಡು ಹಾರಿಸುತ್ತ ಬೆಂಕಿ ಹಚ್ಚಲು ಬಂದರೆ ಕಾಡಿಗೆ ಓಡಬೇಕೆಂದು ಅಲ್ಲಿನ ಬಿದಿರಿನ ಶಾಲೆ ಕಲಿಸಿತ್ತು. ಬಂದೂಕು ಹಿಡಿದವನು ನುಗ್ಗಿದರೆ ಕೋಣೆಯೊಳಗೇ ಅಡಗುವುದನ್ನು ನಮ್ಮ ಶಾಲೆ ಕಲಿಸುತ್ತಿತ್ತು. ಒಂದು ಮಧ್ಯಾಹ್ನ ಅದರ ಅಭ್ಯಾಸದ ಡ್ರಿಲ್‌ಗೆಂದು ಟೀಚರ್ ದೀಪ ಆರಿಸಿ ನಮ್ಮನ್ನು ಮೂಲೆಗೆ ತಳ್ಳಿದರು. ಮೂಪಾ ಕಿಟಕಿ ತೆರೆದು, ನನ್ನ ಮಣಿಕಟ್ಟಿಗೆ ಉಗುರು ನೆಟ್ಟು ಎಳೆದಳು.

"ಒಳಗಿದ್ರೆ ಸುಟ್ಟುಹೋಗ್ತೀವಿ, ಓಡು!"

ಅವಳ ಕೈ ಕಚ್ಚಿ ಬಿಡಿಸಿಕೊಂಡೆ. ಅವಳೊಬ್ಬಳೇ ಹಾರಿದಳು. ಶಾಲೆಯ ಪೊಲೀಸ್ ಅವಳನ್ನು ಪೈನ್ ಮರದಡಿ ಕೆಡವಿ ಬೆನ್ನ ಮೇಲೆ ಮಂಡಿಯೂರಿದ. ಬಾಯಿಂದ ರಕ್ತ ಸುರಿಯುತ್ತಿದ್ದರೂ ಅವಳು ನನ್ನನ್ನೇ ಕೂಗುತ್ತಿದ್ದಳು.

ಸಂಜೆ ಅಮ್ಮ ನನ್ನ ಮಣಿಕಟ್ಟಿನ ಉಗುರುಗಾಯಕ್ಕೆ ಮುಲಾಮು ಹಚ್ಚುತ್ತ, "ಎಷ್ಟು ವೈಲೆಂಟ್ ಹುಡುಗಿ! ನಾಳೆನೇ ನಿನ್ನ ಸೀಟ್ ಚೇಂಜ್ ಮಾಡಿಸ್ತೀನಿ" ಎಂದಳು.

ಹೂಂ ಎಂದೆ. ನಾನು ಅವಳನ್ನು ಕಚ್ಚಿದ್ದನ್ನು ಹೇಳಲೇ ಇಲ್ಲ.