ಗಾಜಿನಂಗಡಿಯವನ ಹೆಂಡತಿಯ ಫೋನು

ನನ್ನ ನೆನಪಿನ ಮೇಲೆ ಅನುಮಾನ ಇರುವವರು ಈಗಲೇ ಎದ್ದು ಹೋಗಬಹುದು. ಹೋದ ಸಲ ಒಬ್ಬ ಮಹಾನುಭಾವ, "ತಾತ, ಇದು ನಡೆದದ್ದಾ, ನೀವು ಹೊಸೆದದ್ದಾ?" ಅಂತ ಕೇಳಿದ್ದ. ಬೆಳಿಗ್ಗೆ ಕನ್ನಡಕ ಎಲ್ಲಿಟ್ಟೆ ಅನ್ನುವುದು ಮರೆಯುತ್ತೆ, ಒಪ್ಪಿದೆ. ಕಿವಿಗೆ ಬಿದ್ದ ಮಾತು ಮರೆಯುವುದಿಲ್ಲ. ನನ್ನ ಫೋನಿನ ಬ್ಯಾಟರಿ ಬದಲಾಯಿಸಲು ಕೊಟ್ಟು ಮೊಬೈಲ್ ಅಂಗಡಿಯ ಸ್ಟೂಲಿನ ಮೇಲೆ ಕೂತಿದ್ದೆ. ಆ ಗಂಡ ಹೆಂಡತಿ ನನ್ನ ಮೊಣಕೈ ಪಕ್ಕದಲ್ಲೇ ನಿಂತಿದ್ದರು. ಸುಮ್ಮನೆ ಕೇಳಿ.

ಗಂಡ ಗಾಜಿನಂಗಡಿಯವನು. ಕಿಟಕಿ, ಕನ್ನಡಿ, ಶೋಕೇಸು, ಎಲ್ಲಕ್ಕೂ ಚದರಡಿ ಲೆಕ್ಕದಲ್ಲಿ ಗಾಜು ಕತ್ತರಿಸಿ ಕೊಡುವ ಆಸಾಮಿ. ಹೆಂಡತಿಗೆ ಮೊದಲ ಸಲ ಸ್ವಂತಕ್ಕೊಂದು ಫೋನು ಕೊಡಿಸಲು ಕರೆದುಕೊಂಡು ಬಂದಿದ್ದ. ಕೌಂಟರಿನ ಹುಡುಗಿ ಎರಡು ಫೋನು ಮುಂದಿಟ್ಟಳು. ಒಂದು ಅಂಗೈಯೊಳಗೆ ಅಡಗುವಂಥದ್ದು, ಇನ್ನೊಂದು ಊಟದ ತಟ್ಟೆಯ ತಮ್ಮ.

"ಚಿಕ್ಕದು ಎಷ್ಟು?" ಅಂದ ಗಂಡ.

"ಇಪ್ಪತ್ತೆಂಟು ಸಾವಿರ ಸರ್."

"ದೊಡ್ಡದು?"

"ಹದಿನಾಲ್ಕು."

"ಚೀಟಿ ಅದಲು ಬದಲಾಗಿದೆ ನೋಡಮ್ಮ."

"ಇಲ್ಲ ಸರ್. ಚಿಕ್ಕ ಫೋನು ಈಗ ಬರೋದೇ ಕಮ್ಮಿ. ಬಂದ್ರೂ ದುಬಾರಿ."

"ಈ ಲೆಕ್ಕದಲ್ಲಿ ನಾನು ಗಾಜು ಮಾರಿದ್ರೆ, ಜನ ಅದನ್ನ ನನ್ನ ತಲೆ ಮೇಲೇ ಒಡೆದು ಹೋಗ್ತಾರೆ." ಹೆಂಡತಿಯ ಕಡೆ ತಿರುಗಿದ. "ದೊಡ್ಡದೇ ತಗೋ. ಅರ್ಧ ದುಡ್ಡಿಗೆ ಇಷ್ಟಗಲ ಪರದೆ. ಇದರಲ್ಲಿ ಯೋಚನೆ ಮಾಡೋದೇನಿದೆ?"

"ನಂಗೆ ಚಿಕ್ಕದೇ ಸಾಕಿತ್ತು ರೀ."

"ಚಿಕ್ಕದ್ರಲ್ಲಿ ಏನು ಕಾಣುತ್ತೆ, ಮಣ್ಣು? ಇದಾದ್ರೆ ಸೋಫಾದಲ್ಲಿ ಕೂತಲ್ಲೇ ನಂಗೂ ಕಾಣುತ್ತೆ, ಅಮ್ಮಂಗೂ ಕಾಣುತ್ತೆ. ನಮ್ಮನೇಲಿ ಮುಚ್ಚುಮರೆ ಏನಿದೆ."

ಕೆಟ್ಟವನಲ್ಲ ಅವನು, ಅದನ್ನೂ ಹೇಳಿಬಿಡುತ್ತೇನೆ. ಎಲ್ಲರದ್ದೂ ಎಲ್ಲರಿಗೂ ಗೊತ್ತಿರಬೇಕು, ಅದೇ ಸಂಸಾರ ಅಂತ ತಿಳಿದವನು. ಅಷ್ಟರಲ್ಲಿ ಅವನಿಗೇ ಒಂದು ಫೋನು ಬಂತು. ಯಾವುದೋ ಬೇಕರಿಯ ಶೋಕೇಸಿನ ಅಳತೆ. ಒಳಗೆ ಸರಿಯಾಗಿ ಕೇಳಿಸದೆ ಹೊರಗೆ ಹೋಗಿ, ಎಂಟು ಎಂಎಂ ಗಾಜೇ ಆಗಬೇಕು ಅಂತ ಬೀದಿಗೆಲ್ಲ ಸಾರತೊಡಗಿದ.

ಹೆಂಡತಿ ದೊಡ್ಡ ಫೋನನ್ನು ಅಂಗೈಯಲ್ಲಿಟ್ಟು ಬೆರಳು ಮಡಚಿ ನೋಡಿದಳು. ಮುಚ್ಚಲಿಲ್ಲ.

"ಚಿಕ್ಕದರ ಮೇಲೆ ಯಾಕಕ್ಕ ಅಷ್ಟು ಮನಸ್ಸು?" ಹುಡುಗಿ ಕೇಳಿದಳು.

"ನಮ್ಮಕ್ಕನ ಮೆಸೇಜು ಇಷ್ಟು ದಿನ ಇವರ ಫೋನಿಗೇ ಬರ್ತಿತ್ತು ಕಣಮ್ಮ. ಬಂದಿದ್ದನ್ನ ಇವರು ಊಟಕ್ಕೆ ಕೂತಾಗ ಎಲ್ಲರ ಮುಂದೆ ಓದ್ತಾರೆ, ತಮಾಷೆಗೆ. ಒಂದ್ಸಲ ಅವಳು ತನ್ನ ಗಂಡ ಕೈ ಮಾಡ್ತಾನೆ ಅಂತ ಬರೆದಿದ್ಲು. ಅರ್ಧ ಓದಿದ ಮೇಲೆ ಇವರಿಗೆ ಗೊತ್ತಾಯ್ತು, ಏನು ಓದ್ತಿದ್ದೀನಿ ಅಂತ. ಅಷ್ಟೊತ್ತಿಗೆ ಅತ್ತೆ, ಮೈದುನ, ಎಲ್ಲರೂ ಕೇಳಿಸಿಕೊಂಡಾಗಿತ್ತು. ಬಾಯಿಂದ ಬಾಯಿಗೆ ಹೋಗಿ ಅವಳ ಗಂಡನಿಗೂ ಮುಟ್ಟಿತು. ಅವತ್ತಿಂದ 'ಊಟ ಆಯ್ತಾ' ಅಂತ ಬಿಟ್ರೆ ಬೇರೇನೂ ಬರೆಯಲ್ಲ. ಇನ್ನು ಇಷ್ಟಗಲದ್ದಕ್ಕೆ ಬರೀತಾಳಾ?"

ಹುಡುಗಿ ಕೆಳಗಿನ ಡ್ರಾಯರಿನಿಂದ ತೆಳ್ಳನೆಯ ಗಾಜಿನ ಹಾಳೆಯೊಂದನ್ನು ತೆಗೆದು ದೊಡ್ಡ ಫೋನಿನ ಮೇಲಿಟ್ಟಳು. "ನೇರ ನೋಡಿ," ಅಂದಳು. ಪರದೆ ಚೆನ್ನಾಗಿ ಕಂಡಿತು. "ಈಗ ಈ ಪಕ್ಕ ಬನ್ನಿ." ಕಪ್ಪು. ನಾನೂ ಕತ್ತು ಚಾಚಿದೆ. ನನಗೂ ಕಪ್ಪೇ.

"ಎಷ್ಟು ಇದಕ್ಕೆ?"

"ಆರುನೂರು."

ಹೆಂಡತಿ ತನ್ನ ಪರ್ಸಿನಿಂದಲೇ ಕೊಟ್ಟಳು. ಹುಡುಗಿ ಪರದೆ ಒರೆಸಿ ಹಾಳೆಯನ್ನು ಅಂಟಿಸಿಬಿಟ್ಟಳು.

ಗಂಡ ಒಳಗೆ ಬಂದವನೇ ಹೆಂಡತಿಯ ಭುಜದ ಪಕ್ಕ ಬಗ್ಗಿದ. "ಆನ್ ಮಾಡಿಲ್ವಾ ಇನ್ನೂ?"

"ಮಾಡಿದೀನಲ್ಲ."

ಅವನು ಅವಳ ಹಿಂದಕ್ಕೆ ಹೋಗಿ ನೋಡಿದ. ಮತ್ತೆ ಪಕ್ಕಕ್ಕೆ ಸರಿದು ನೋಡಿದ. ಬೆರಳ ತುದಿಯಿಂದ ಅಂಚನ್ನು ಮುಟ್ಟಿದ. ಗಾಜಿನವನಿಗೆ ಗಾಜಿನ ಪಾಠ ಯಾರು ಹೇಳಬೇಕು.

"ನನ್ನಿಂದ ಮುಚ್ಚಿಡೋದು ಏನಿದೆ ನಿಂಗೆ?" ದನಿ ತಗ್ಗಿತ್ತು.

"ನಮ್ಮ ಬಚ್ಚಲುಮನೆ ಕಿಟಕಿಗೆ ಮಬ್ಬು ಗಾಜು ಹಾಕಿದ್ದು ನೀವೇ ತಾನೆ," ಅಂದಳು ಅವಳು. "ಒಳಗೆ ನಾವೇನು ಕಳ್ಳಮಾಲು ಇಟ್ಟಿದ್ದೀವಿ ಅಂತಾನಾ?"

ಹುಡುಗಿ ಬಿಲ್ ಬರೆಯುವ ನೆಪದಲ್ಲಿ ಮುಖ ಬಗ್ಗಿಸಿದಳು. ಅವನು ಫೋನನ್ನು ಹೆಂಡತಿಯ ಕೈಯಿಂದ ತೆಗೆದುಕೊಂಡ. ಆ ಗಾಜನ್ನು ಕಿತ್ತೇ ಹಾಕುತ್ತಾನೆ ಅಂದುಕೊಂಡೆ ನಾನು. ಹಾಳೆಯ ಕೆಳಗೆ ಮೂಲೆಯಲ್ಲಿ ಒಂದು ಗಾಳಿಗುಳ್ಳೆ ಉಳಿದಿತ್ತು. ಅದನ್ನು ಹೆಬ್ಬೆರಳಿನಿಂದ ಒತ್ತಿ, ಮೆಲ್ಲಗೆ ಅಂಚಿನವರೆಗೆ ತಳ್ಳಿ ಹೊರಗೆ ಹಾಕಿದ. ಆಮೇಲೆ ಫೋನನ್ನು ಹೆಂಡತಿಯ ಕೈಗೆ ಕೊಟ್ಟ.

ಅಷ್ಟೇ ಕಥೆ. ಕೇಳಿ ಇಟ್ಟುಕೊಳ್ಳಬೇಡಿ, ಮುಂದಕ್ಕೆ ದಾಟಿಸಿ. ಯಾರಿಗೆ ಕಳಿಸಿದಿರಿ ಅಂತ ನನಗೆ ಹೇಳಬೇಕಾಗಿಲ್ಲ.