ನಾದಿನಿಯ ಪಾಲಿನ ಹೋಳು

ಹಂದಿಮಾಂಸದ ಹ್ಯಾಮಿನ ದಪ್ಪ ಹೋಳೊಂದನ್ನು ತಟ್ಟೆಗಿಟ್ಟು, ಮೇಲೆ ಒಂದು ಸೌಟು ಬಿಸಿ ಮೇಪಲ್ ಪಾಕ ಸುರಿದು, "ತಗೊಳ್ಳಿ, ನಿಮ್ಮ ತಂಗಿಗೆ ಕೊಟ್ಟು ಬನ್ನಿ" ಎನ್ನುತ್ತ ಮರ್ಸೆಲೀನ್ ತಟ್ಟೆಯನ್ನು ಹಿಂದಕ್ಕೆ ಚಾಚಿದಳು. ತೆಗೆದುಕೊಳ್ಳುವ ಕೈ ಇರಲಿಲ್ಲ. ಗಂಡ ಫಿಲೆಮೋನ್ ಎದೆನೋವು ಬಂದು ತೀರಿಕೊಂಡು ಎರಡು ತಿಂಗಳಾಗಿತ್ತು.

ಊಟದ ಮನೆಯಲ್ಲಿ ಕೆಬೆಕ್ ಪಟ್ಟಣದಿಂದ ಬಸ್ಸಿನಲ್ಲಿ ಬಂದ ಜನ ಉದ್ದನೆಯ ಮೇಜುಗಳ ಮುಂದೆ ಕೂತು ಚಮಚ ಬಡಿಯುತ್ತಿದ್ದರು. ತೋಪಿನ ಮೇಪಲ್ ಮರಗಳು ರಸ ಬಿಡಲು ಶುರುಮಾಡಿದರೆ ಭಾನುವಾರ ಆ ರಸ ಕಾಯಿಸುವ ಪಾಕದ ಮನೆಗೆ ಜನ ಊಟಕ್ಕೆ ಬಂದೇ ಬರುತ್ತಾರೆ. ಯಾರು ಸತ್ತರು, ಯಾರು ಇದ್ದಾರೆ ಎಂದು ಮರ ನೋಡುವುದಿಲ್ಲ. ಮುಂದಿನ ಅಡುಗೆಮನೆ ಮರ್ಸೆಲೀನಳದು. ಪಾಕ ಸವರಿ ಸುಟ್ಟ ಹ್ಯಾಮ್, ಪಾಕವೂ ಸಾಸಿವೆಯೂ ಬೆರೆತು ಮೆತ್ತಗೆ ಬೆಂದ ಬಿಳಿಕಾಳು, ಮೊಟ್ಟೆ, ಹೀಗೆ ಉಪ್ಪಿನದೆಲ್ಲ ಅವಳ ಪಾಲು. ಸಿಹಿಯೆಲ್ಲ ಹಿಂದಿನ ಕೋಣೆಯಲ್ಲಿ ನಾದಿನಿ ಓದೀಲಳದು. ಕುದಿಯುವ ಪಾಕಕ್ಕೆ ಹಿಟ್ಟಿನ ಉಂಡೆ ಬಿಟ್ಟು ಬೇಯಿಸುವುದರಲ್ಲಿ ಅವಳನ್ನು ಬಿಟ್ಟರಿಲ್ಲ. ಆ ಉಂಡೆಗೆ ಊರವರು 'ಅಜ್ಜ' ಎನ್ನುತ್ತಾರೆ.

ಎರಡು ಒಲೆಗಳ ನಡುವೆ ಇದ್ದದ್ದು ಒಂದು ಸೌದೆ ಕೊಟ್ಟಿಗೆ, ಮತ್ತು ಹನ್ನೊಂದು ವರ್ಷದ ಮೌನ. ಓದೀಲಳ ಸಿಹಿ ಪಾತ್ರೆಯಲ್ಲಿ ಮರ್ಸೆಲೀನ್ ಒಮ್ಮೆ ಈರುಳ್ಳಿ ಹುರಿದಳೆಂದು ಶುರುವಾದ ಜಗಳ ತವರು, ಬಂಜೆತನ, ಸತ್ತ ಅತ್ತೆ ಎಲ್ಲವನ್ನೂ ಎಳೆದು ತಂದಿತ್ತು. ಅಂದಿನಿಂದ ಈ ಒಲೆಯ ಮಾತನ್ನು ಆ ಒಲೆಗೆ ಹೊತ್ತವನು ಫಿಲೆಮೋನ್. ಭಾನುವಾರ ಬಂತೆಂದರೆ ಬಾಗಿಲಲ್ಲಿ ನಿಂತು, "ತಂಗಿ ಒಂದು ಹೋಳು ಕೇಳ್ತಾಳೆ ಕಣೆ, ದಪ್ಪಗೆ ಕೊಯ್ಯಬೇಕಂತೆ" ಎನ್ನುತ್ತಿದ್ದ. "ಮಾತಾಡೋಕೆ ಬಾಯಿಲ್ಲ, ತಿನ್ನೋಕೆ ಮಾತ್ರ ಇದೆ" ಎಂದು ಗೊಣಗುತ್ತಲೇ ಮರ್ಸೆಲೀನ್ ನಡುಭಾಗದ ಒಳ್ಳೆಯ ಹೋಳನ್ನೇ ಕೊಯ್ಯುತ್ತಿದ್ದಳು. ಅದರಲ್ಲಿ ಅವಳಿಗೊಂದು ಗೆಲುವೂ ಇತ್ತು.

ಇವತ್ತು, ಈ ವರ್ಷದ ಪಾಕದ ಮೊದಲ ಭಾನುವಾರ, ಯಾರೂ ಕೇಳಿರಲಿಲ್ಲ. ಕೈ ತಾನಾಗಿ ಕೊಯ್ದಿತ್ತು. ಹೋಳನ್ನು ಮತ್ತೆ ದೊಡ್ಡ ತಟ್ಟೆಗೆ ಸೇರಿಸೋಣ ಎಂದುಕೊಂಡಳು, ಯಾಕೋ ಮನಸ್ಸು ಒಪ್ಪಲಿಲ್ಲ. ಸೌದೆ ಕೊಟ್ಟಿಗೆ ದಾಟಿ ಹಿಂದಿನ ಕೋಣೆಯ ಬಾಗಿಲನ್ನು ಮೊಣಕೈಯಿಂದ ತಳ್ಳಿದಳು. ಹಬೆಯ ನಡುವೆ ಓದೀಲ್ ತಿರುಗಿ ನೋಡಿದಳು. ಫಿಲೆಮೋನನ ಹೆಣದ ಪೆಟ್ಟಿಗೆಯ ಆಚೆ ಈಚೆ ನಿಂತಾಗಲೂ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

"ಇದೇನು?"

"ನಿನ್ನ ಹೋಳು. ಪ್ರತಿ ಭಾನುವಾರ ಕೇಳಿ ಕಳಿಸ್ತಿದ್ದೆಯಲ್ಲ."

"ನಾನಾ?" ಓದೀಲ್ ಸೌಟು ಕೆಳಗಿಟ್ಟಳು. "ನಾನ್ಯಾಕೆ ಕೇಳಲಿ ಅತ್ತಿಗೆ? ನಿಮ್ಮ ಹ್ಯಾಮ್ ನಾಲಗೆಗೆ ಮುಟ್ಟಿಸಿ ಹನ್ನೊಂದು ವರ್ಷ ಆಯ್ತು." ಆಮೇಲೆ ಕಿಟಕಿಯ ಬಳಿ ಮುಚ್ಚಿಟ್ಟಿದ್ದ ಬಟ್ಟಲಿನ ಕಡೆ ನೋಡಿದಳು. "ಕೇಳಿ ಕಳಿಸ್ತಿದ್ದವರು ನೀವು. ಅತ್ತಿಗೆಗೆ ಒಂದು ಬಟ್ಟಲು ಅಜ್ಜ ಬೇಕಂತೆ, ಪಾಕ ಜಾಸ್ತಿ ಹಾಕು ಅಂತ ಅಣ್ಣ ಬರ್ತಿದ್ದ. ಇವತ್ತು ಬರೋರು ಇಲ್ಲ ಅಂತ ಗೊತ್ತಿದ್ದೂ ತೆಗೆದಿಟ್ಟೆ."

"ನಾನು ಯಾವತ್ತೂ ಕೇಳಿಲ್ಲ, ಓದೀಲ್."

ಪಾತ್ರೆಯಲ್ಲಿ ಪಾಕ ಉಕ್ಕಿ ಬಂತು. ಓದೀಲ್ ಒಲೆಯಿಂದ ಅದನ್ನು ಸರಿಸಿದಳು. ಸಿಹಿ ಮುಟ್ಟಬೇಡ, ಕೊಬ್ಬಿನ ಹತ್ತಿರ ಸುಳಿಯಬೇಡ ಎಂದು ಡಾಕ್ಟರು ಫಿಲೆಮೋನನಿಗೆ ಕಟ್ಟಪ್ಪಣೆ ಮಾಡಿದ್ದರು. ಮನೆಯಲ್ಲಿ ಮರ್ಸೆಲೀನ್ ಬೇಯಿಸಿದ ಕ್ಯಾರೆಟ್ಟು, ಸಪ್ಪೆ ಸೂಪು ಬಡಿಸಿದರೆ ಅವನು ತುಟಿಪಿಟಕ್ಕೆನ್ನದೆ ತಿಂದು ಏಳುತ್ತಿದ್ದ. ಇಂಥ ಗಂಡ ಯಾರಿಗಿದ್ದಾನೆ ಎಂದು ಅವಳು ಚರ್ಚಿನ ಮೆಟ್ಟಿಲ ಮೇಲೆ ನಿಂತು ಹೇಳಿಕೊಂಡದ್ದೂ ಉಂಟು. ಒಂದು ಸೌದೆ ಕೊಟ್ಟಿಗೆ ದಾಟಲು ಇವನಿಗೆ ಅಷ್ಟು ಹೊತ್ತು ಯಾಕೆ ಬೇಕು ಎಂದು ಇಬ್ಬರಲ್ಲಿ ಯಾರೂ ಕೇಳಿರಲಿಲ್ಲ.

ಓದೀಲ್ ಹಿಟ್ಟಿನ ಮೂಟೆಯ ಮೇಲೆ ಕೂತಳು. "ಹಾಗಾದ್ರೆ ನನ್ನ ಕೈಯಾರೆ ನಾನೇ ಅಣ್ಣನ್ನ..."

ಮರ್ಸೆಲೀನಳ ನಾಲಗೆಯ ತುದಿಗೆ ಒಂದು ಮಾತು ಬಂತು. ಆಡಿಬಿಟ್ಟರೆ ಈ ಹೆಂಗಸು ಬದುಕಿರುವ ತನಕ ತಲೆ ಎತ್ತುವಂತಿರಲಿಲ್ಲ. ಅಂಥದೊಂದು ಮಾತಿಗೆ ಅವಳು ಎಷ್ಟೋ ವರ್ಷ ಕಾದಿದ್ದಳು. ಕೈಯಲ್ಲಿದ್ದ ತಟ್ಟೆಯನ್ನು ನೋಡಿದಳು. ಹೋಳಿನ ಅಂಚಿನ ಕೊಬ್ಬು ಪಾಕ ಹೀರಿ ಮಿನುಗುತ್ತಿತ್ತು.

"ಸುಮ್ನಿರು," ಎಂದಳು. "ಇಷ್ಟು ದಪ್ಪಗೆ ಕೊಯ್ದು ಕೊಟ್ಟಿದ್ದು ಯಾರು? ಅವರು ನಮ್ಮಿಬ್ಬರ ಕೈಯಲ್ಲೂ ತಿಂದಿದ್ದಾರೆ."

ಊಟದ ಮನೆಯಲ್ಲಿ ಚಮಚಗಳ ಸದ್ದು ಜೋರಾಯಿತು. ಯಾರೋ ಪಿಟೀಲಿಗೆ ಶ್ರುತಿ ಮಾಡುತ್ತಿದ್ದರು. ಮರ್ಸೆಲೀನ್ ಇನ್ನೊಂದು ಮೂಟೆಯ ಮೇಲೆ ಕೂತು, ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು, ತಟ್ಟೆಯನ್ನು ನಾದಿನಿಯ ತೊಡೆಯ ಮೇಲಿಟ್ಟಳು. ಇಬ್ಬರೂ ತಿಂದರು. ಓದೀಲಳ ಕಣ್ಣಿಂದ ನೀರು ಇಳಿಯುತ್ತಿತ್ತು, ಆದರೂ ಅಗಿಯುವುದನ್ನು ನಿಲ್ಲಿಸಿರಲಿಲ್ಲ.

"ಉಪ್ಪು ಜಾಸ್ತಿ ಆಗಿದೆ ಅತ್ತಿಗೆ."

"ನಿನ್ನ ಅಜ್ಜ ಏನು ಕಡಿಮೆ? ಗೋಡೆಗೆ ಹೊಡೆದ್ರೆ ವಾಪಸ್ ಬರುತ್ತೆ."

ಓದೀಲ್ ಮುಂಗೈಯಿಂದ ಮೂಗು ಒರೆಸಿಕೊಂಡಳು. ಉಳಿದಿದ್ದ ತುಂಡನ್ನು ತಿರುಗಿಸಿ ನೋಡಿದಳು.

"ಇದನ್ನ ತಿನ್ನೋಕೆ ಅಣ್ಣ ಅಷ್ಟು ಸುಳ್ಳು ಹೇಳಬೇಕಿತ್ತಾ?"