ತೊಂಬತ್ತನಾಲ್ಕು ಮೆಟ್ಟಿಲು

"ಈ ಮೆಟ್ಟಿಲು ಒಡೆದು ಲಿಫ್ಟ್ ಹಾಕೋದು ಅಂದ್ರೆ ಇಟಲಿಯ ಸಿನಿಮಾ ಚರಿತ್ರೆಯ ಬುಡಕ್ಕೇ ಕೊಡಲಿ ಹಾಕಿದ ಹಾಗೆ," ಎಂದು ವಕೀಲ ಸಾಂತಿನೆಲ್ಲಿ ಮೂರನೇ ಸಲ ಹೇಳಿದ. ರೋಮಿನ ಆ ಹಳೇ ಕಟ್ಟಡದ ನಿವಾಸಿಗಳ ಸಭೆ ಭಾನುವಾರ ಹತ್ತೂವರೆಗೆ ಕೆಳಗಿನ ಹಜಾರದಲ್ಲಿ ಶುರುವಾಗಿತ್ತು. ಪಾರಿವಾಳದ ಹಿಕ್ಕೆಯ ವಿಚಾರಕ್ಕೇ ಎರಡು ಗಂಟೆ ಜಗಳವಾಡಿ ಈಗಷ್ಟೇ ಲಿಫ್ಟಿನ ವಿಷಯಕ್ಕೆ ಬಂದಿದ್ದರು.

ಲಿಫ್ಟ್ ಬೇಕಾಗಿದ್ದುದು ಐದನೇ ಮಹಡಿಯ ಅರ್ಮಿದಾ ತೊಸ್ಕಿಗೆ. ಒಂದು ಕಾಲಕ್ಕೆ ಆಕೆಯ ಚಿತ್ರ ಬಂತೆಂದರೆ ಊರಿಗೆ ಊರೇ ಟಿಕೆಟ್ಟಿಗೆ ಸಾಲು ನಿಲ್ಲುತ್ತಿತ್ತು. ಈಗ ಎಂಬತ್ತೊಂದು ವರ್ಷ, ಎರಡೂ ಮಂಡಿ ಕೈಕೊಟ್ಟಿವೆ. ತೊಂಬತ್ತನಾಲ್ಕು ಮೆಟ್ಟಿಲು ಇಳಿದು ಹೊರಗೆ ಬಂದು ನಾಲ್ಕು ತಿಂಗಳಾಗಿತ್ತು. ಇವತ್ತು ಎದುರಿನ ಕಾಫಿ ಅಂಗಡಿಯ ಇಬ್ಬರು ಕುರ್ಚಿ ಸಮೇತ ಹೊತ್ತು ತಂದು ಕೂರಿಸಿದ್ದರು.

"ಸಿನ್ಯೋರಾ, ನಿಮ್ಮ ಆ ಹೆಸರಾಂತ ಚಿತ್ರದಲ್ಲಿ ಮದುವೆ ಬಟ್ಟೆ ಉಟ್ಟು ಬರಿಗಾಲಲ್ಲಿ ಈ ಮೆಟ್ಟಿಲು ಇಳಿದು ಓಡಿದವರು ನೀವೇ. ಜಗತ್ತೇ ನೋಡಿದೆ. ಇಲ್ಲಿ ಫೋಟೋ ತೆಗೆಸ್ಕೊಳ್ಳೋಕೆ ಜಪಾನಿನಿಂದ ಬರ್ತಾರೆ."

"ಎಷ್ಟು ಸಲ ಬಡ್ಕೊಳ್ಳಲಿ ವಕೀಲರೇ? ಅದು ಈ ಮೆಟ್ಟಿಲಲ್ಲ. ಸ್ಟುಡಿಯೋದಲ್ಲಿ ಹಲಗೆ ಹೊಡೆದು ಬಣ್ಣ ಬಳಿದ ಸೆಟ್ಟು. ಇದ್ದಿದ್ದೇ ಹದಿಮೂರು ಮೆಟ್ಟಿಲು, ಅದನ್ನೇ ನನ್ನ ಕೈಲಿ ಏಳು ಸಲ ಇಳಿಸಿ ಚಿತ್ರದಲ್ಲಿ ಜೋಡಿಸಿದ್ರು. ನಾನು ಈ ಮನೆ ಕೊಂಡಿದ್ದು ಅದಾಗಿ ಆರು ವರ್ಷಕ್ಕೆ."

"ವಯಸ್ಸಾದ ಮೇಲೆ ಮರೆವು ಸಹಜ ಬಿಡಿ," ಎಂದು ಸಾಂತಿನೆಲ್ಲಿ ನಕ್ಕ. "ಇದೇ ಮೆಟ್ಟಿಲು ಅಂತ ಒಬ್ಬ ಪ್ರೊಫೆಸರು ಪುಸ್ತಕದಲ್ಲೇ ಬರೆದಿದ್ದಾರೆ."

"ಆ ಮಹಾಶಯ ಆಗ ಹುಟ್ಟಿದ್ನಾ?"

"ಅವರು ಸಂಶೋಧನೆ ಮಾಡಿದ್ದಾರೆ, ಸಿನ್ಯೋರಾ."

"ಹೌದಪ್ಪಾ. ನಾನು ಬರೀ ಇಳಿದವಳು ತಾನೇ."

ಅರ್ಮಿದಾಳಿಗೆ ಮೈಯೆಲ್ಲ ಉರಿದುಹೋಯಿತು. ನಲವತ್ತೆರಡು ಚಿತ್ರಗಳಲ್ಲಿ ಬೇರೆಯವರು ಬರೆದುಕೊಟ್ಟ ಮಾತು ಆಡಿದಾಗ ಜನ ಕಣ್ಣೀರು ಹಾಕಿದ್ದರು. ಇವತ್ತು ತನ್ನದೇ ಮಾತು ಆಡಿದರೆ ನಂಬುವವರಿಲ್ಲ. ಸಾಂತಿನೆಲ್ಲಿಗಂತೂ ನಂಬಿ ಆಗಬೇಕಾದ್ದೇನೂ ಇರಲಿಲ್ಲ. ಎರಡನೇ ಮಹಡಿಯಲ್ಲಿ ಅವನು ಪ್ರವಾಸಿಗರಿಗೆ ಬಾಡಿಗೆ ಕೊಡುವ ಎರಡು ಮನೆಗಳಿದ್ದವು, ಎರಡರ ಬಾಗಿಲಲ್ಲೂ ಆಕೆಯ ಬರಿಗಾಲಿನ ಚಿತ್ರ ನೇತುಹಾಕಿದ್ದ.

ಕೈಗಳು ಮೇಲೆದ್ದವು. ಲಿಫ್ಟ್ ಬೇಡವೆಂದವರು ಹನ್ನೊಂದು ಮಂದಿ, ಬೇಕೆಂದವರು ಮೂವರು. ಕಟ್ಟಡದ ಆಡಳಿತ ನೋಡಿಕೊಳ್ಳುವ ಪೆರುಜ್ಜಿ, ತಲೆ ಎತ್ತದೆ ನಡಾವಳಿ ಪುಸ್ತಕದಲ್ಲಿ ಬರೆದುಕೊಂಡ. ಗಂಟೆ ಒಂದಾಗಿತ್ತು. ಒಲೆಯ ಮೇಲೆ ಸಣ್ಣ ಉರಿಯಲ್ಲಿ ಬಿಟ್ಟುಬಂದಿದ್ದ ಮಾಂಸದ ಗೊಜ್ಜಿನ ವಾಸನೆ ಮಹಡಿ ಮಹಡಿಯಿಂದ ಇಳಿದು ಬರುತ್ತಿತ್ತು. ಎಲ್ಲರೂ ಕುರ್ಚಿ ಸರಿಸಿ ಎದ್ದರು.

ಅಷ್ಟರಲ್ಲಿ ಅರ್ಮಿದಾ ಕಂಬಿ ಹಿಡಿದು, ಹಲ್ಲು ಕಚ್ಚಿ, ಎರಡು ಮೆಟ್ಟಿಲು ಹತ್ತಿ ಮೂರನೆಯದರ ನಟ್ಟನಡುವೆ ಕೂತುಬಿಟ್ಟಿದ್ದಳು. ಮೊದಲೇ ಕಿರಿದಾದ ದಾರಿ. ಆಕೆಯ ಲಂಗ, ಊರುಗೋಲು ಎಲ್ಲ ಸೇರಿ ಪೂರ್ತಿ ಮುಚ್ಚಿಹೋಯಿತು.

"ದಾರಿ ಬಿಡಿ ಸಿನ್ಯೋರಾ, ಗೊಜ್ಜು ತಳ ಹಿಡೀತದೆ," ಎಂದ ಸಾಂತಿನೆಲ್ಲಿ. "ಕಾಫಿ ಅಂಗಡಿಯವರನ್ನ ಕರೆಸ್ತೀನಿ. ಎತ್ತಿಕೊಂಡು ಹೋಗಿ ಮೇಲೆ ಬಿಡ್ತಾರೆ."

"ಇರಿ ಸ್ವಲ್ಪ. ಪೆರುಜ್ಜಿ, ಇದನ್ನೂ ಬರ್ಕೊಳ್ಳಿ. ವಕೀಲರು ಹೇಳಿದ್ದೇ ಸರಿ. ಆ ಚಿತ್ರದಲ್ಲಿ ನಾನು ಇಳಿದಿದ್ದು ಇದೇ ಮೆಟ್ಟಿಲು. ನನಗೇ ಮರೆತುಹೋಗಿತ್ತು."

ಸಾಂತಿನೆಲ್ಲಿಯ ಮುಖ ಅರಳಿತು. ಪೆರುಜ್ಜಿ ಒಂದಕ್ಷರ ಬಿಡದೆ ಬರೆದು ಮುಗಿಸುವವರೆಗೆ ಅರ್ಮಿದಾ ಕಾದಳು.

"ಅಂದ್ಮೇಲೆ ಈ ಮೆಟ್ಟಿಲಿಗೆ ಬೆಲೆ ಬಂದಿದ್ದು ನನ್ನಿಂದ. ನಾನೂ ಇದರದ್ದೇ ಒಂದು ಭಾಗ," ಎಂದು ಲಂಗ ಸರಿಮಾಡಿಕೊಂಡಳು. "ಇದನ್ನ ಮುಟ್ಟಬಾರದು ಅಂತ ಈಗ ತಾನೇ ನೀವೇ ಕೈ ಎತ್ತಿದ್ದೀರಿ. ಚರಿತ್ರೆ, ವಕೀಲರೇ. ಇದ್ದ ಜಾಗದಿಂದ ಕದಲಿಸೋ ಹಾಗಿಲ್ಲ."